ಎರಡನೆಯ ಬೆರಳು

ನಮ್ಮ ಚಿಯಾಯಿ ಊರಿನ ಆಸ್ಪತ್ರೆಯಲ್ಲಿ ಲಿಯಾವ್ ಜಿನ್‌ಲಾನ್ ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ರೈಲಕ್ಕ ಎಲ್ಲಿ ಎಂದರೆ ಲಿಫ್ಟಿನವನೂ ಮೇಲಕ್ಕೆ ಕೈ ತೋರಿಸುತ್ತಿದ್ದ. ಆಗತಾನೇ ಹುಟ್ಟಿದ ಮಕ್ಕಳ ಐಸಿಯುನಲ್ಲಿ ಅವಳು ನನಗಿಂತ ಕೆಲವು ವರ್ಷ ಮೊದಲು ನರ್ಸಾಗಿ ಸೇರಿದವಳು. ಹಾಗಾಗಿ ನನಗೆ ಅಕ್ಕ. ನಮ್ಮಲ್ಲಿ ಒಂದು ವರ್ಷ ಮೊದಲು ಸೇರಿದ್ದರೂ ಅಕ್ಕನೇ, ಅಕ್ಕನ ಮಾತಿಗೆ ಎದುರು ಮಾತಿಲ್ಲ. ನಾನು ಮಾತ್ರ ಆಡುತ್ತಿದ್ದೆ. ನನ್ನ ನಾಲಿಗೆ ಹಾಗೆ, ಏನು ಮಾಡಲಿ.

ಅವಳ ಅಪ್ಪ ರೈಲು ಓಡಿಸುತ್ತಿದ್ದವರು. ಸಿಗ್ನಲ್ ಕಂಡ ಕೂಡಲೇ ಕೈ ಚಾಚಿ, ಬೆರಳು ತೋರಿಸಿ, "ಹಸಿರು, ಸರಿ!" ಎಂದು ಗಟ್ಟಿಯಾಗಿ ಕೂಗುವುದು ರೈಲಿನವರ ಪದ್ಧತಿ. ಪಕ್ಕದಲ್ಲಿ ಕೂತ ಸಹಾಯಕನೂ ಬೆರಳು ತೋರಿಸಿ ಕೂಗಬೇಕು. ಕಣ್ಣು ಕಂಡದ್ದನ್ನು ಬಾಯಿ ಹೇಳಿ, ಬಾಯಿ ಹೇಳಿದ್ದನ್ನು ಇನ್ನೊಬ್ಬ ಕೇಳಿದರೆ ಮಂಪರು ಹತ್ತುವುದಿಲ್ಲ ಎಂಬ ಲೆಕ್ಕ. ಆ ಮನುಷ್ಯ ಮನೆಗೆ ಬಂದರೂ ಬಿಡುತ್ತಿರಲಿಲ್ಲವಂತೆ. ಒಲೆಗೆ ಬೆರಳು ತೋರಿಸಿ "ಗ್ಯಾಸ್ ಆರಿದೆ, ಸರಿ!", ಬಾಗಿಲಿಗೆ ತೋರಿಸಿ "ಚಿಲಕ ಬಿದ್ದಿದೆ, ಸರಿ!" ಎನ್ನುತ್ತಿದ್ದರು. "ನನ್ ಕಡೆನೂ ಒಂದ್ಸಲ ಬೆರಳು ತೋರ್ಸಿ, ಹೆಂಡ್ತಿ ಇದಾಳೆ, ಸರಿ ಅಂತ ಕೂಗ್ಬಿಡಿ" ಎಂದು ಅವಳ ಅಮ್ಮ ಮೂದಲಿಸುತ್ತಿದ್ದಳಂತೆ.

ಆ ಬೆರಳನ್ನು ಜಿನ್‌ಲಾನ್ ನಮ್ಮ ವಾರ್ಡಿಗೆ ತಂದಳು. ಮೊದಲು ಎಲ್ಲರೂ ನಕ್ಕರು. ಅವಳು ಔಷಧದ ತಟ್ಟೆ ಹಿಡಿದು ಬಂದರೆ "ರೈಲು ಬಂತು, ಗೇಟು ಹಾಕ್ರೇ" ಎಂದು ಹುಡುಗಿಯರು ಕಿಸಕ್ಕೆನ್ನುತ್ತಿದ್ದರು. ಅವಳು ನಗುತ್ತಿರಲಿಲ್ಲ. ಮಗುವಿನ ಕಾಲಿನ ಪಟ್ಟಿಗೆ ಬೆರಳು, ಔಷಧದ ಹೆಸರಿಗೆ ಬೆರಳು, ಔಷಧ ಹನಿಸುವ ಪಂಪಿನ ಅಂಕಿಗೆ ಬೆರಳು. ಪ್ರತಿಯೊಂದನ್ನೂ ಓದಿ ಕೂಗಿ, ಜೊತೆಗಿದ್ದವಳೂ ಬೆರಳು ತೋರಿಸಿ ಕೂಗುವವರೆಗೆ ಗುಂಡಿ ಒತ್ತುತ್ತಿರಲಿಲ್ಲ. ಬರಬರುತ್ತಾ ಅದೇ ವಾರ್ಡಿನ ನಿಯಮವಾಯಿತು. ಕಿಸಕ್ಕೆಂದವರೇ ಹೊಸಬರಿಗೆ ಕಲಿಸತೊಡಗಿದರು.

ಅವಳಿಗೆ ಭಯ. ಶಿಸ್ತು, ಜಾಣತನ ಎಂದೆಲ್ಲ ಬೇರೆಯವರು ಹೊಗಳುತ್ತಿದ್ದರು. ನನಗೆ ಗೊತ್ತು, ಅದು ಬರೀ ಭಯ. ನಮ್ಮ ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿರುತ್ತಿದ್ದ ಕೆಲವು ಮಕ್ಕಳು ಒಂದು ಪಪ್ಪಾಯಿಯಷ್ಟೂ ತೂಗುತ್ತಿರಲಿಲ್ಲ. ದೊಡ್ಡವರ ಮೈಗೆ ಔಷಧ ಹೆಚ್ಚಾದರೆ ಆ ಮೈ ಸ್ವಲ್ಪವಾದರೂ ಜಗಳವಾಡುತ್ತದೆ. ಇವಕ್ಕೆ ಜಗಳವಾಡುವ ಮೈ ಎಲ್ಲಿದೆ? ಒಂದು ಹನಿ ಹೆಚ್ಚು ಎಂದರೆ ಹೆಚ್ಚೇ, ವಾಪಸ್ ತೆಗೆಯಲಾಗುವುದಿಲ್ಲ. ಡ್ಯೂಟಿ ಮುಗಿಸಿ ಮನೆ ಸೇರಿದ ಮೇಲೂ ಅವಳು ನನಗೆ ಫೋನ್ ಮಾಡುತ್ತಿದ್ದಳು.

"ಕಿಟಕಿ ಪಕ್ಕದ ಪೆಟ್ಟಿಗೆ ಬಾಗ್ಲು ಹಾಕಿದೀನಾ, ನೋಡೇ."

"ಹಾಕಿದೀಯ ಅಕ್ಕ."

"ಹೋಗಿ ನೋಡಿ ಹೇಳ್ತಿದೀಯೋ, ಕೂತ್ಕೊಂಡು ಹೇಳ್ತಿದೀಯೋ?"

ನಾನು ಕೂತುಕೊಂಡೇ ಹೇಳಿರುತ್ತಿದ್ದೆ. ಬೈದುಕೊಳ್ಳುತ್ತಾ ಎದ್ದು ಹೋಗಿ ನೋಡುತ್ತಿದ್ದೆ. ಬಾಗಿಲು ಯಾವತ್ತೂ ಹಾಕಿಯೇ ಇರುತ್ತಿತ್ತು.

ಒಮ್ಮೆ ಅವಳ ಮನೆಗೆ ಊಟಕ್ಕೆ ಹೋಗಿದ್ದಾಗ ಅವಳ ಅಪ್ಪ ಬೇಯಿಸಿದ ಕಡಲೆಕಾಯಿ ಸುಲಿಯುತ್ತಾ ಒಂದು ಮಾತು ಹೇಳಿದರು. ಅವರ ಜೊತೆಯ ಡ್ರೈವರ್ ಒಬ್ಬ ಕೆಂಪು ದೀಪ ದಾಟಿ ಗಾಡಿ ಓಡಿಸಿದ್ದನಂತೆ.

"ದಿನಾ ಹಸಿರು ಇರೋ ಜಾಗ ಅದು. ಅವತ್ತು ಕೆಂಪಿತ್ತು. ಬೆರಳು ತೋರ್ಸಿ ಹಸಿರು ಅಂದ. ಪಕ್ಕದೋನೂ ಹಸಿರು ಅಂದ. ಇಬ್ರ ಕಣ್ಣೂ ಚೆನ್ನಾಗೇ ಇತ್ತು ಮಗಳೇ."

ಜಿನ್‌ಲಾನ್ ಆ ದಿನ ಊಟ ಅರ್ಧಕ್ಕೇ ಬಿಟ್ಟಳು. ಅಪ್ಪನ ಮೇಲೆ ರೇಗಿದಳು. "ಊಟದ್ ಹೊತ್ತಲ್ಲಿ ಇದೆಲ್ಲ ಯಾಕಪ್ಪ?" ಎಂದಳು. ಅವರು ಸಿಪ್ಪೆಗಳನ್ನು ಗುಡ್ಡೆ ಮಾಡಿದರು.

ಅವಳು ವಾರ್ಡಿಗೇ ಹಿರಿಯಳಾದ ಮೇಲೆ ಒಂದು ಬದಲಾವಣೆ ಆಯಿತು. ಬೇರೆ ಅಕ್ಕಂದಿರು ಹೊಸ ಹುಡುಗಿಯರನ್ನು ಬೈದು ಅಳಿಸುತ್ತಿದ್ದರು. ಇವಳು ಯಾರಿಗೂ ದನಿ ಏರಿಸಿದವಳಲ್ಲ. ಆದರೆ ರೈಲಕ್ಕ ತಪ್ಪು ಮಾಡುವುದಿಲ್ಲ ಎಂದು ಎಲ್ಲರೂ ನಂಬಿಬಿಟ್ಟಿದ್ದರು. ಅವಳ ಬೆರಳು ಹೋದ ಕಡೆ ಇವರ ಬೆರಳೂ ಹೋಗುತ್ತಿತ್ತು, ಅವಳು ಹೇಳಿದ್ದನ್ನು ಇವರ ಬಾಯಿ ಹೇಳುತ್ತಿತ್ತು, ಕಣ್ಣು ಮಾತ್ರ ಅವಳ ಮುಖದ ಮೇಲಿರುತ್ತಿತ್ತು. ನನಗೆ ಅದು ಕಾಣುತ್ತಿತ್ತು. ಅವಳಿಗೆ ಕಾಣಲಿಲ್ಲ.

ವಾನ್‌ಚಿಂಗ್ ಎಂಬುವಳ ಮಗು ಬಂದದ್ದು ಆಗ. ತಿಂಗಳು ತುಂಬುವ ಎಷ್ಟೋ ಮೊದಲೇ ಹುಟ್ಟಿದ ಹೆಣ್ಣುಮಗು, ಹೆಸರು ಕೂಡ ಇಟ್ಟಿರಲಿಲ್ಲ. ಇದಕ್ಕೂ ಮೊದಲಿನ ಮಗುವನ್ನು ಆಕೆ ಹೊಟ್ಟೆಯಲ್ಲೇ ಕಳೆದುಕೊಂಡಿದ್ದಳು. ಈ ಮಗುವಿನ ರಕ್ತದೊತ್ತಡ ತಾನಾಗಿ ನಿಲ್ಲುತ್ತಿರಲಿಲ್ಲ. ಪಂಪಿನಿಂದ ಗಂಟೆಗೆ ಅರ್ಧ ಎಂಎಲ್ ಔಷಧ ಹೋಗುತ್ತಲೇ ಇರಬೇಕಿತ್ತು. ನಿಂತರೆ ಒತ್ತಡ ಕುಸಿಯುತ್ತದೆ. ಹೆಚ್ಚಾದರೆ ಆ ಎಳೆಯ ತಲೆಯೊಳಗೆ ರಕ್ತನಾಳ ಒಡೆಯುತ್ತದೆ. ಮಗುವಿನ ಬದುಕು ಆ ಅರ್ಧದ ಮೇಲೆ ನಿಂತಿತ್ತು.

ಬಾಣಂತಿ ಒಂದು ತಿಂಗಳು ಹೊಸಿಲು ದಾಟಬಾರದು, ತಲೆಗೆ ಗಾಳಿ ತಾಗಬಾರದು ಎಂದು ವಾನ್‌ಚಿಂಗಳ ಅತ್ತೆ ಕೂಡಿಹಾಕಿದ್ದರು. ಹಾಲು ಮಾತ್ರ ಗಂಡನ ಕೈಯಲ್ಲಿ ಬರುತ್ತಿತ್ತು. ಒಂದು ಮಧ್ಯಾಹ್ನ, ನೋಡಲು ಬಿಡುವ ಹೊತ್ತಿಗೆ, ಅವಳೇ ಬಂದುಬಿಟ್ಟಳು. ಕಿವಿ ಮುಚ್ಚುವ ಉಣ್ಣೆ ಟೋಪಿ, ಮೈಯಿಂದ ಬಾಣಂತಿಗೆ ಕೊಡುವ ಎಳ್ಳೆಣ್ಣೆ ಕೋಳಿಸಾರಿನ ವಾಸನೆ.

"ಅತ್ತೆ ಮಲಗಿದ್ರು, ಓಡಿ ಬಂದೆ ಸಿಸ್ಟರ್. ಮುಟ್ಬಹುದಾ?"

ಕೈ ತೊಳೆಸಿ, ಪೆಟ್ಟಿಗೆಯ ಕಿಂಡಿಯಲ್ಲಿ ಕೈ ಹಾಕಿಸಿದೆವು. ಮಗು ತಾಯಿಯ ಬೆರಳು ಹಿಡಿದುಕೊಂಡಿತು. ಆಕೆ ಅಳಲಿಲ್ಲ. ಉಸಿರಾಡಿದರೂ ಮಗುವಿಗೆ ತೊಂದರೆ ಆದೀತು ಎಂಬಂತೆ ಕೂತಿದ್ದಳು.

ಅದೇ ಹೊತ್ತಿಗೆ ಆ ಮಗುವಿನ ಹಳೆಯ ಪಂಪು ಕೆಟ್ಟು ಕಿರುಚತೊಡಗಿತು. ಹೊಸ ಪಂಪುಗಳು ಆಗಷ್ಟೇ ಬಂದಿದ್ದವು. ಹಳೆಯದರಲ್ಲಿ ಸೊನ್ನೆ, ಐದು ಒತ್ತಿದರೆ ನಡುವಿನ ಚುಕ್ಕಿ ತಾನಾಗಿ ಬಂದು ಅರ್ಧವಾಗುತ್ತಿತ್ತು. ಹೊಸದರಲ್ಲಿ ಚುಕ್ಕಿಯನ್ನೂ ನಾವೇ ಒತ್ತಬೇಕು. ಬಿಟ್ಟರೆ ಅದು ಐದು. ಹತ್ತು ಪಟ್ಟು. ನಮಗೆ ಇದನ್ನು ಹೇಳಿಕೊಟ್ಟವಳು ಜಿನ್‌ಲಾನಳೇ.

ಪಕ್ಕದ ಪೆಟ್ಟಿಗೆಯ ಮಗುವಿಗೆ ನಾನು ಕೊಳವೆಯಲ್ಲಿ ಹಾಲು ಇಳಿಸುತ್ತಿದ್ದೆ. ಕೈಬಿಟ್ಟು ಏಳುವಂತಿರಲಿಲ್ಲ. ಜಿನ್‌ಲಾನ್ ಹೊಸ ಪಂಪು ತಂದಳು. ಜೊತೆಗೆ ಯಿಜೆನ್ ನಿಂತಿದ್ದಳು. ಆ ವರ್ಷವಷ್ಟೇ ಸೇರಿದ ಹುಡುಗಿ, ಅಕ್ಕಂದಿರ ಮುಂದೆ ಕೆಮ್ಮಲೂ ಹೆದರುವವಳು. ಔಷಧ ನಿಂತು ಮಾನಿಟರಿನಲ್ಲಿ ಒತ್ತಡ ಇಳಿಯತೊಡಗಿತ್ತು. ವಾನ್‌ಚಿಂಗ್ ಒಮ್ಮೆ ಅಂಕಿ, ಒಮ್ಮೆ ನಮ್ಮ ಮುಖ ನೋಡುತ್ತಿದ್ದಳು.

ಜಿನ್‌ಲಾನ್ ಸಿರಿಂಜು ಕೂರಿಸಿದಳು. ಅಂಕಿ ಒತ್ತಿದಳು. ಬೆರಳು ಚಾಚಿದಳು.

"ವಾನ್‌ಚಿಂಗಳ ಮಗು, ಸರಿ! ಗಂಟೆಗೆ ಅರ್ಧ, ಸರಿ!"

ಹೆಬ್ಬೆರಳು ಶುರು ಮಾಡುವ ಗುಂಡಿಯ ಮೇಲಿತ್ತು. ಇನ್ನು ಯಿಜೆನ್ ಕೂಗಬೇಕು. ಅವಳು ಬೆರಳು ಚಾಚಿದಳು. ಬಾಯಿ ತೆರೆಯಿತು. ದನಿ ಬರಲಿಲ್ಲ.

ನಾನು ಕೂತ ಕಡೆಯಿಂದ ಪಂಪಿನ ಅಂಕಿ ಕಾಣುತ್ತಿರಲಿಲ್ಲ. ಹುಡುಗಿಯ ಬೆರಳು ಕಾಣುತ್ತಿತ್ತು. ಅದು ನಡುಗುತ್ತಿತ್ತು.

"ಹೇಳಮ್ಮ, ಬೇಗ" ಎಂದಳು ಜಿನ್‌ಲಾನ್. ಒತ್ತಡ ಇನ್ನೂ ಇಳಿಯಿತು. ಮಾನಿಟರ್ ಕೂಗತೊಡಗಿತು.

ಯಿಜೆನ್ ಹೇಳಲಿಲ್ಲ. ತಾಯಿಯ ಎದುರಿಗೆ, ವಾರ್ಡಿಗೇ ಹಿರಿಯಳಾದ ಅಕ್ಕನಿಗೆ, ತಪ್ಪು ಎನ್ನುವುದಾದರೂ ಹೇಗೆ? ಮಗುವಿನ ತಾಯಿಯ ಮುಂದೆ ಅಕ್ಕನ ಮುಖ ಕಳೆಯಬಾರದು ಎಂದು ನಾವೇ ಅವಳಿಗೆ ಮೊದಲ ದಿನದಿಂದ ಅರೆದು ಕುಡಿಸಿದ್ದೆವು. ಸರಿ ಎನ್ನುವುದಕ್ಕೂ ಅವಳ ಬಾಯಿ ಏಳಲಿಲ್ಲ. ಬೆರಳನ್ನು ಮಾತ್ರ ಹಿಂದೆ ತೆಗೆಯಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಅಲ್ಲೇ ಹಿಡಿದು ನಿಂತಳು.

"ಏನಾಯ್ತು? ಯಾಕೆ ಎಲ್ರೂ ಸುಮ್ನಾದ್ರಿ?" ಎಂದಳು ವಾನ್‌ಚಿಂಗ್.

"ಅಕ್ಕ!" ಎಂದು ನಾನು ಕಿರುಚಿದೆ. "ಅವಳ ಬೆರಳು ನೋಡೇ!"

ಜಿನ್‌ಲಾನ್ ಮೊದಲು ಹುಡುಗಿಯ ಮುಖ ನೋಡಿದಳು. ಆಮೇಲೆ ಬೆರಳು. ಆಮೇಲೆ, ಆ ಮಧ್ಯಾಹ್ನ ಮೊದಲ ಸಲ, ಪಂಪಿನ ಅಂಕಿ ನೋಡಿದಳು.

ಐದು.

ಅವಳ ಮುಖದಿಂದ ರಕ್ತ ಇಳಿದದ್ದನ್ನು ನಾನು ಕಂಡೆ. ಕೈ ಮಾತ್ರ ನಿಲ್ಲಲಿಲ್ಲ. ಅಳಿಸಿದಳು. ಸೊನ್ನೆ, ಚುಕ್ಕಿ, ಐದು. ಪ್ರತಿ ಅಂಕಿಗೂ ಬೆರಳಿಟ್ಟು ಓದಿದಳು. ಯಿಜೆನ್ ಬಿಕ್ಕುತ್ತಲೇ "ಅರ್ಧ, ಸರಿ" ಎಂದಳು. ಗುಂಡಿ ಒತ್ತಿದ ಮೇಲೆ ಮೂವರೂ ಮಾನಿಟರನ್ನೇ ನೋಡಿದೆವು. ಒತ್ತಡ ನಿಧಾನಕ್ಕೆ, ಜೀವ ಹಿಂಡಿ, ಮೇಲೆ ಬಂತು.

ಇಲ್ಲಿಗೆ ಸುಮ್ಮನಿರಬಹುದಿತ್ತು. ಔಷಧ ಹೋಗಿರಲಿಲ್ಲ, ಮಗುವಿಗೆ ಏನೂ ಆಗಿರಲಿಲ್ಲ. ಬೇರೆ ಯಾರಾದರೂ "ಏನಿಲ್ಲಮ್ಮ, ಹೊಸ ಮಿಷನ್ನು" ಎಂದು ತಾಯಿಯನ್ನು ಸಾಗಹಾಕುತ್ತಿದ್ದರು. ನಾನೇ ಹಾಗೆ ಹೇಳಲು ಬಾಯಿ ತೆರೆದಿದ್ದೆ. ಜಿನ್‌ಲಾನ್ ಕೈ ಅಡ್ಡ ಮಾಡಿದಳು.

"ನಾನು ತಪ್ಪು ಒತ್ತಿದ್ದೆ" ಎಂದಳು ವಾನ್‌ಚಿಂಗಳಿಗೆ. "ಹತ್ತು ಪಟ್ಟು. ಈ ಹುಡ್ಗಿ ತಡೆದಳು. ನಿಮ್ಮ ಮಗುಗೆ ಹೋಗಿಲ್ಲ. ಆದ್ರೆ ಹೋಗ್ತಿತ್ತು."

ವಾನ್‌ಚಿಂಗ್ ಕಿಂಡಿಯೊಳಗಿನ ಕೈ ತೆಗೆಯಲಿಲ್ಲ.

"ನೀವು ನನ್ ಮಗು ಹತ್ರ ಬರ್ಬೇಡಿ" ಎಂದಳು ಕೊನೆಗೆ. "ಆ ಹುಡ್ಗೀನ ಕಳ್ಸಿ."

ಜಿನ್‌ಲಾನ್ ಬಟ್ಟೆ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದಳು. ನಾನು ಹೋದಾಗ ಯಿಜೆನ್ ಅವಳ ಮುಂದೆ ಬಗ್ಗಿ ನಿಂತು ಕ್ಷಮೆ ಕೇಳುತ್ತಿದ್ದಳು. ಎಂಥ ಕರ್ಮ ನೋಡಿ, ಜೀವ ಉಳಿಸಿದವಳು ಕ್ಷಮೆ ಕೇಳುವುದು.

"ನಾನು ಏನೂ ಹೇಳ್ಲಿಲ್ಲ ಅಕ್ಕ... ಬಾಯೇ ಬರ್ಲಿಲ್ಲ..."

"ನನ್ ಬಾಯಿ ಬಂತಲ್ಲ" ಎಂದಳು ಜಿನ್‌ಲಾನ್. "ಕಣ್ಣು ನೋಡ್ದೇ ಬಾಯಿ ಕೂಗ್ತು." ಆಮೇಲೆ ನನ್ನ ಕಡೆ ತಿರುಗಿದಳು. "ಇಷ್ಟ್ ವರ್ಷದಲ್ಲಿ ಇನ್ಯಾರ ಬೆರಳು ನಡುಗಿತ್ತೇ? ನಾನು ನೋಡೇ ಇಲ್ಲ. ಎಷ್ಟ್ ಮಕ್ಕಳಿಗೆ... ನನಗೆ ಗೊತ್ತೇ ಇಲ್ವಲ್ಲೇ."

ಆ ಪ್ರಶ್ನೆ ನನ್ನನ್ನೂ ಇವತ್ತಿಗೂ ಬಿಟ್ಟಿಲ್ಲ. ಆ ವಾರ್ಡಿನಲ್ಲಿ ಉಳಿಯದ ಮಕ್ಕಳೂ ಇದ್ದವು.

ಮರುದಿನದಿಂದ ಅವಳು ಪದ್ಧತಿ ತಿರುಗಿಸಿದಳು. ಕಿರಿಯಳು ಮೊದಲು ಓದಿ ಕೂಗಬೇಕು, ಹಿರಿಯಳು ಆಮೇಲೆ. ಅಷ್ಟೇ ಸಾಲದು ಎಂದು ಊಟದ ಕೋಣೆಯಲ್ಲಿ ಹುಡುಗಿಯರನ್ನು ಎದುರು ನಿಲ್ಲಿಸಿಕೊಳ್ಳುತ್ತಿದ್ದಳು. ಹಬೆಯಲ್ಲಿ ಬೇಯಿಸಿದ ಬನ್ನಿಗೆ ಬೆರಳು ತೋರಿಸಿ "ಟೀ, ಸರಿ!" ಎನ್ನುವಳು. ಅವರು ಅವಳ ಕಣ್ಣಲ್ಲಿ ಕಣ್ಣಿಟ್ಟು "ತಪ್ಪು, ಅಕ್ಕ!" ಎನ್ನಬೇಕು. ಹುಡುಗಿಯರು ನಾಚಿ ನಗುತ್ತಿದ್ದರು. "ಟೀ ಕುಡ್ದು ಕುಡ್ದು ಅಕ್ಕಂಗೆ ಬನ್ನೂ ಟೀನೇ" ಎಂದು ಒಬ್ಬಳು ಅಂದಳು. ಜಿನ್‌ಲಾನ್ ನಗಲಿಲ್ಲ.

"ಗಟ್ಟಿಯಾಗಿ ಹೇಳಿ. ಕೇಳಿಸ್ಲಿಲ್ಲ."

ಯಿಜೆನ್‌ಗೆ ಮಾತ್ರ ಬಹಳ ದಿನ ದನಿಯೇ ಬರಲಿಲ್ಲ. ಬಂದ ದಿನ ಅವಳೂ ಅತ್ತಳು, ಜಿನ್‌ಲಾನಳೂ ಅತ್ತಳು.

ವಾನ್‌ಚಿಂಗಳ ಬಾಣಂತನ ಮುಗಿಯಿತು. ದಿನಾ ಬರುತ್ತಿದ್ದಳು. ಜಿನ್‌ಲಾನ್ ಆ ಪೆಟ್ಟಿಗೆಯ ಹತ್ತಿರ ಸುಳಿಯುತ್ತಿರಲಿಲ್ಲ. ವಾರ್ಡಿನ ಇನ್ನೊಂದು ತುದಿಯಿಂದ ಮಾನಿಟರ್ ನೋಡುತ್ತಿದ್ದಳು, ಅಷ್ಟೇ. ಮಗು ಮೈ ತುಂಬಿಕೊಂಡಿತು. ಪಂಪು ಹೋಯಿತು, ಕೊಳವೆ ಹೋಯಿತು, ಮನೆಗೆ ಹೋಗುವ ದಿನವೂ ಬಂತು.

ಹೊರಡುವಾಗ ಮಗುವಿನ ಕಾಲಿನ ಪಟ್ಟಿಯನ್ನೂ ತಾಯಿಯ ಕೈಯ ಪಟ್ಟಿಯನ್ನೂ ಇಬ್ಬರು ಓದಿ ಒಪ್ಪಿಸಬೇಕು. ಯಿಜೆನ್ ಬೆರಳು ತೋರಿಸಲು ಮುಂದೆ ಬಂದಳು.

"ಒಂದ್ ನಿಮಿಷ" ಎಂದಳು ವಾನ್‌ಚಿಂಗ್. "ಅವರನ್ನ ಕರೀರಿ. ರೈಲಕ್ಕನ್ನ."

ಜಿನ್‌ಲಾನ್ ಬಂದಳು. ತಲೆ ತಗ್ಗಿಸಿ ನಿಂತಳು. ವಾನ್‌ಚಿಂಗ್ ಕ್ಷಮಿಸಿದೆ ಎನ್ನಲಿಲ್ಲ, ಮುಖವನ್ನೂ ನೋಡಲಿಲ್ಲ. ತಾನೇ ಬೆರಳು ಚಾಚಿ, ಮಗುವಿನ ಕಾಲಿನ ಪಟ್ಟಿ ಓದಿದಳು.

"ವಾನ್‌ಚಿಂಗಳ ಮಗು, ಸರಿ."

ಆಮೇಲೆ ಕಾದಳು. ಎರಡನೆಯ ಬೆರಳು ಬರಬೇಕಿತ್ತು.

ಜಿನ್‌ಲಾನ್ ಬೆರಳು ಚಾಚಿದಳು. ಅದು ನಡುಗುತ್ತಿತ್ತು. ಬಾಯಿ ತೆರೆದಳು, ಏನೂ ಬರಲಿಲ್ಲ. ವಾನ್‌ಚಿಂಗಳ ಮುಖ ಬಿಳಿಚಿತು. ಮಗುವನ್ನು ಎದೆಗೆ ಒತ್ತಿಕೊಂಡಳು.

"ಯಾಕೆ? ತಪ್ಪಾ? ಏನ್ ತಪ್ಪಾಗಿದೆ?"

"ಏನಿಲ್ಲಮ್ಮ" ಎಂದಳು ಜಿನ್‌ಲಾನ್, ಪಟ್ಟಿಯ ಮೇಲಿನ ಒಂದೊಂದೇ ಅಕ್ಷರದ ಮೇಲೆ ಬೆರಳು ಸರಿಸುತ್ತಾ. "ಇರಿ. ಇನ್ನೂ ನೋಡ್ತಾ ಇದೀನಿ."