ಬಂಡೆಯ ಬಿರುಕಿಗೆ ಬಾಯಿ ಕೊಟ್ಟ ಎಸ್ತೇರಮ್ಮ

ಎಸ್ತೇರಮ್ಮನದು ಗಡಸು ದನಿ. ತಾಂಡೂರಿನ ಪಾಲಿಶ್ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಯಂತ್ರದ ಪಕ್ಕ ವರ್ಷಗಟ್ಟಲೆ ಕೂಗಿ ಮಾತಾಡಿ ಹಾಗಾಗಿತ್ತು. ಭಾನುವಾರ ನಮ್ಮ ತಗಡಿನ ಚರ್ಚಿನಲ್ಲಿ ಬೈಬಲ್ ಓದುವವಳು ಅವಳೇ. ಅದರ ಕೀರ್ತನೆಗಳನ್ನು ಓದುತ್ತ ಓದುತ್ತ ನಕ್ಕುಬಿಡುತ್ತಿದ್ದಳು. "ದೇವರ ಮಾತು ಓದೂವಾಗ ಮಾರಿ ಯಾಕ ಗಂಟು ಹಾಕಬೇಕ್ರಿ?" ಎಂದು ಪಾಸ್ಟರನ್ನೇ ಕೇಳುತ್ತಿದ್ದಳು.

ಅವಳ ಗಂಡ ಗಣಿಯಲ್ಲಿ ಬಂಡೆ ಉರುಳಿ ಸತ್ತ ಮೇಲೆ ಆ ಓದು ನಿಂತಿತು. ಚರ್ಚಿಗೆ ಬಂದು ಬಾಗಿಲ ಹತ್ತಿರ ಕೂತು ಹೋಗುತ್ತಿದ್ದಳು. ದೇವರು ತಮಗೆ ಮಾಡಿದ್ದನ್ನು ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳುವಾಗ ಹೊರಗೆ ನಿಲ್ಲುತ್ತಿದ್ದಳು. ಓದು ಬಾ ಎಂದು ನನ್ನ ಅವ್ವ ಕರೆದರೆ, "ಸುಳ್ಳು ನಗಿ ನಗಾಕ ನನಗ ಆಗಂಗಿಲ್ಲ ತಂಗಿ," ಎನ್ನುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಅದೇ ಗಣಿಯ ಅಂಚು ಕುಸಿದು ನನ್ನ ಅಪ್ಪ ಕೆಳಗೆ ಸಿಕ್ಕಿಕೊಂಡ. ಎರಡು ಬಂಡೆಗಳ ನಡುವೆ ಅವನ ಕಾಲು. ಮೇಲಿನ ಬಿರುಕಿನಿಂದ ನರಳಾಟವಷ್ಟೇ ಕೇಳುತ್ತಿತ್ತು. ಕ್ರೇನ್ ಬರುವವರೆಗೆ ಕಲ್ಲು ಅಲುಗಿಸುವಂತಿರಲಿಲ್ಲ. "ಅಂವಗ ನಿದ್ದಿ ಹತ್ತಾಕ ಬಿಡಬ್ಯಾಡ್ರಿ, ಮಾತಾಡಸ್ರಿ," ಎಂದ ಮೇಸ್ತ್ರಿ. ಅವ್ವ ಕೂಗಿದಳು. ನಾನೂ ಕೂಗಿದೆ, ನಮ್ಮ ದನಿ ಕೆಳಗಿಳಿಯಲಿಲ್ಲ.

ಕಾರ್ಖಾನೆಯಿಂದ ಓಡಿ ಬಂದ ಎಸ್ತೇರಮ್ಮ ಬೋರಲು ಮಲಗಿ ಬಿರುಕಿಗೆ ಬಾಯಿ ಕೊಟ್ಟಳು. "ಸಾಮ್ಯೇಲಾ, ನಾ ಎಸ್ತೇರಕ್ಕ. ಕೇಳಸ್ತದೇನೋ ತಮ್ಮಾ?"

"ಕೀರ್ತನಿ ಹೇಳಕ್ಕಾ," ಅಂದ ಅಪ್ಪ.

ಅವಳು ತಲೆ ಎತ್ತಿ ಅವ್ವನನ್ನು ನೋಡಿದಳು. ಆಮೇಲೆ ಕಣ್ಣು ಮುಚ್ಚಿ, ಆಳದೊಳಗಿಂದ ದೇವರನ್ನು ಕೂಗುವ ಕೀರ್ತನೆಯನ್ನು ಬಾಯಿಪಾಠ ಹೇಳತೊಡಗಿದಳು. ಮಣ್ಣು ಜಾರುತ್ತಲೇ ಇತ್ತು. ಬೆಳಗಿಗಾಗಿ ಕಾಯುವವರಿಗಿಂತ ಹೆಚ್ಚಾಗಿ ಕರ್ತನನ್ನು ಕಾಯುತ್ತೇನೆ ಎಂಬ ಸಾಲಿನ ನಡುವೆ ಅವಳ ದನಿ ಒಡೆಯಿತು. ಕೆಳಗೂ ಸದ್ದಿಲ್ಲ. ಅವ್ವ ನನ್ನ ತೋಳಿಗೆ ಉಗುರು ಊರಿದಳು. ಅಷ್ಟರಲ್ಲಿ ಬಿರುಕಿನಿಂದ, ಬಹಳ ಸಣ್ಣಗೆ, ಅಪ್ಪ ಆ ಸಾಲನ್ನು ಮುಗಿಸಿದ. ಎಸ್ತೇರಮ್ಮ ಬಂಡೆಗೆ ಹಣೆ ಒತ್ತಿ ಅತ್ತಳು. ಮತ್ತೆ ಮೊದಲಿನಿಂದ ಶುರುಮಾಡಿದಳು. ಕ್ರೇನ್ ಬರುವವರೆಗೂ ಇಬ್ಬರೂ ಒಬ್ಬರಿಗೊಬ್ಬರು ಹೇಳುತ್ತಲೇ ಇದ್ದರು.

ಅಪ್ಪ ಒಂದು ಕಾಲು ಕಳೆದುಕೊಂಡು ಉಳಿದ. ಅವನು ಊರುಗೋಲು ಹಿಡಿದು ಚರ್ಚಿಗೆ ಬಂದ ಮೊದಲ ಭಾನುವಾರ ಎಸ್ತೇರಮ್ಮ ಸಾಕ್ಷಿಗೆ ಎದ್ದಳು.

"ನಾ ಇಂವಗ ಧೈರ್ಯ ಹೇಳೀನಿ ಅಂತೀರಿ. ಹಂಗಲ್ರಿ. ನನ್ನ ಗಂಡನ್ನ ನುಂಗಿದ ತಗ್ಗಿನಾಗಿಂದ ದೇವರ ಮಾತು ನನಗ ತಿರುಗಿ ಬಂತು. ಅಂವ ಯಾಕ ಹೋದಾ ಅಂಬೋದು ಇವತ್ತೂ ತಿಳದಿಲ್ಲ. ಆದ್ರ ಒಳಗ ಸಂತೋಷ ಬಂದದ." ಆ ದಿನ ಅವಳೇ ಓದಿದಳು.

ನಾನು ಅವಳನ್ನು ಕೊನೆಯ ಸಲ ಕಂಡದ್ದು ತಾಂಡೂರಿನ ಬಸ್ ಸ್ಟ್ಯಾಂಡಿನಲ್ಲಿ. ನಾರಾಯಣಖೇಡದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಊಟ ಬಿಟ್ಟಿದ್ದಾಳೆಂದು ಕೇಳಿ ಜಹೀರಾಬಾದ್ ಮೇಲೆ ಅಲ್ಲಿಗೆ ಹೋಗಲು ಬಸ್ಸು ಹತ್ತುತ್ತಿದ್ದಳು. "ಆಕಿಗಿ ಏನ್ ಹೇಳ್ತೀರಿ ದೊಡ್ಡವ್ವ?" ಎಂದೆ. "ಮದ್ಲ ಆಕಿದು ಕೇಳ್ತೀನಿ," ಅಂದಳು.

ನಾರಾಯಣಖೇಡದಲ್ಲೇ ಜ್ವರ ಬಂದು ತೀರಿಕೊಂಡಳು. ಅವಳನ್ನು ಮಣ್ಣು ಮಾಡಲು ಹೋದ ನಮ್ಮ ಮುಂದೆ ಆ ತಾಯಿ ಎದ್ದು ನಿಂತು ಹೇಳಿದಳು: "ಬಂದಾಕಿ ಏನೂ ಹೇಳಲಿಲ್ರಿ. ನಾ ಅಳೂತನಕ ಬಾಜೂಕ ಕುಂತಳು. ಆಮ್ಯಾಲೆ ನಾನೇ, ಏನರ ಓದ್ರಿ ಅಂದೆ. ಅವತ್ತು ಉಂಡೆ."