ಅಜ್ಜ ನೆಟ್ಟ ಪೈನ್ ಮರಗಳು

ನಮ್ಮ ಮೇಲಿನ ಮನೆಯ ಅಮೆರಿಕನ್ನನ ಕೆಲಸವೂ ನನ್ನ ಕೆಲಸವೂ ಒಂದೇ ವಾರದಲ್ಲಿ ಹೋದವು. ನಾನು ಮನೆಯಲ್ಲೂ ಹೇಳಲಿಲ್ಲ. ಇನ್ನು ಆಫೀಸಿನ ಗೇಟು ತೆರೆಯದ ಬ್ಯಾಡ್ಜನ್ನು ಕೊರಳಿಗೆ ಹಾಕಿಕೊಂಡು, ದಿನಾ ಎಂಟಕ್ಕೆ ಕಾರು ತೆಗೆದು, ಜರ್ಮನಿಯ ಈ ಊರಿನ ನೆಕ್ಕಾರ್ ನದಿಯ ದಂಡೆಯಲ್ಲಿ ಕೂತಿರುತ್ತಿದ್ದೆ. ಅವನು ಸಿಳ್ಳೆ ಹಾಕುತ್ತಾ ನಿರುದ್ಯೋಗ ಭತ್ಯೆಯ ಕಚೇರಿ, ಆರ್ಬೈಟ್ಸಾಮ್ಟಿಗೆ ಹೋಗುತ್ತಿದ್ದ.

ಅವನ ಪರ್ಸಿನಲ್ಲಿ ಅಜ್ಜನ ಫೋಟೊ ಇತ್ತು. ಮೂವತ್ತರ ದಶಕದಲ್ಲಿ, ಅಮೆರಿಕದ ಆರ್ಥಿಕ ಮಹಾಕುಸಿತದ ಕಾಲದಲ್ಲಿ, ಸರ್ಕಾರವೇ ಕೂಲಿ ಕೊಟ್ಟು ನಿರುದ್ಯೋಗಿಗಳಿಂದ ಕಾಡು ಬೆಳೆಸಿತ್ತಂತೆ, ಅಜ್ಜ ಅವರಲ್ಲೊಬ್ಬ. ತೋರಿಸಿದಾಗಲೆಲ್ಲ ಹೆಬ್ಬೆರಳಿನಿಂದ ಫೋಟೊ ಒರೆಸಿ, "ಆ ಪೈನ್ ಮರಗಳು ಇನ್ನೂ ಇವೆ," ಎನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾಚಿಕೆಪಡದಿರುವುದನ್ನೂ ಅಜ್ಜ ಆಸ್ತಿಯಾಗಿ ಬಿಟ್ಟುಹೋಗಬಹುದೇ?

ಕೊನೆಗೆ ಒಂದು ದಿನ ನಾನೂ ಆ ಕಚೇರಿಯ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ಅವನು ಮುಂದಿನಿಂದ ಕೈಯೆತ್ತಿ ನನ್ನ ಹೆಸರು ಕೂಗಿದ. ಹೊರಗೆ ಬಂದು ಸಿಡುಕಿದೆ: "ನಿನಗೆ ನಾಚಿಕೆಯಾಗೋದಿಲ್ವಾ?"

"ಯಾಕೆ? ಅಜ್ಜನಿಗೆ ಸರ್ಕಾರ ಕೊಟ್ಟ ಕೂಲಿಯಲ್ಲೇ ನಮ್ಮಪ್ಪ ಉಂಡು ಬೆಳೆದಿದ್ದು," ಎಂದು ನನ್ನ ಬೆನ್ನು ತಟ್ಟಿದ.

ಸಂಜೆ ಹೆಂಡತಿ ಕಾಫಿ ಕೊಡುತ್ತಾ, "ಮೇಲಿನೋರ ಕೆಲಸ ಹೋಗಿದೆಯಂತೆ ಕಣ್ರೀ, ಅವರೇ ಹೇಳಿದ್ರು. ಪಾಪ," ಎಂದಳು.

ಆ ಒಂದು 'ಪಾಪ'ಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಕೊರಳಿನ ಬ್ಯಾಡ್ಜ್ ಸರಿಮಾಡಿಕೊಂಡು, "ಹೌದಾ?" ಎಂದೆ.