ನೀರಿನ ಹದ

ನನ್ನ ಕೈಗೆ ಬಿಸಿ ತಿಳಿಯುತ್ತಿಲ್ಲವೆಂದು ಮೂರು ಸಲ ಹೇಳಿದೆ. ಮೂರು ಸಲವೂ ಡಾಕ್ಟರು ನಂಬಲಿಲ್ಲ. ನಾಲ್ಕನೆಯ ಸಲ ಹೇಳಬೇಕಾಗಿದ್ದುದು ನನ್ನ ಹೆಂಡತಿ ಶಾರದೆಗೆ — ಅಂದು ಸುಳ್ಳು ಹೇಳಿದೆ. ಎರಡನ್ನೂ ಒಟ್ಟಿಗೇ ಬರೆಯುತ್ತಿದ್ದೇನೆ. ಒಂದರ ಹಿಂದೆ ಇನ್ನೊಂದನ್ನು ಬಚ್ಚಿಡುವ ಉದ್ದೇಶವಿಲ್ಲ.

ಎಪ್ಪತ್ತರ ದಶಕದ ಮೊದಲಲ್ಲಿ, ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದಾಗ, ಕಾಗದದ ಕಟ್ಟು ಇಳಿಸಲು ಹೋಗಿ ಅಟ್ಟದಿಂದ ಬಿದ್ದೆ. ಬೆನ್ನುಹುರಿಗೆ ಪೆಟ್ಟಾಯಿತು. ಎಂಟು ತಿಂಗಳ ನಂತರ ಊರುಗೋಲು ಹಿಡಿದು ಎದ್ದು, ಕುಳಿತು ಕರಡು ತಿದ್ದುವ ಕೆಲಸಕ್ಕೆ ಮರಳಿದೆ. ಹತ್ತು ವರ್ಷ ಹಾಗೆಯೇ ಕಳೆಯಿತು. ಹನ್ನೊಂದನೆಯ ವರ್ಷ ಬಲಗೈಗೆ — ಬಿದ್ದಾಗ ಏನೂ ಆಗದೆ ಉಳಿದಿದ್ದ ಬಲಗೈಗೆ — ಬಿಸಿ ಲೋಟವೂ ತಣ್ಣನೆಯ ಲೋಟವೂ ಒಂದೇ ಆದವು.

ಡಾಕ್ಟರು ಕಾಫಿ ಕುಡಿಯುತ್ತಲೇ ನನ್ನ ಅಂಗೈ ಮೇಲೆ ಹತ್ತಿ ಎಳೆದರು.

"ಗೊತ್ತಾಗ್ತಿದ್ಯಾ?"

ಗೊತ್ತಾಗುತ್ತಿತ್ತು.

"ಮುಟ್ಟಿದ್ದು ಗೊತ್ತಾಗತ್ತೆ, ಬಿಸಿ ಮಾತ್ರ ಗೊತ್ತಾಗಲ್ಲ. ಬುದ್ಧಿವಂತ ಕೈ ಕಣ್ರೀ ನಿಮ್ಮದು." ಆಮೇಲೆ ನನ್ನ ತಾಯಿಯತ್ತ ತಿರುಗಿದರು. "ಹಳೇ ಪೆಟ್ಟಮ್ಮ. ಇಷ್ಟು ವರ್ಷ ಆದ್ಮೇಲೆ ಹೊಸದಾಗಿ ಏನೂ ಆಗಲ್ಲ. ಕೆಲಸಕ್ಕೆ ಹೋಗೋಕೆ ಬೇಜಾರು, ಅಷ್ಟೆ."

ತಾಯಿ ಹೌದೆಂದು ತಲೆಯಾಡಿಸಿದರು. ಅದನ್ನೂ ನಾನು ಮರೆತಿಲ್ಲ. ಮೂರನೆಯ ಸಲದ ನಂತರ ಬಾಯಿ ಮುಚ್ಚಿದೆ.

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ದೀಪಾವಳಿಯ ಎಣ್ಣೆಸ್ನಾನಕ್ಕೆ ನೀರು ಹದ ಮಾಡುವುದು ಯಜಮಾನನ ಕೆಲಸ. ಹಂಡೆಯ ಕುದಿನೀರಿಗೆ ತಣ್ಣೀರು ಬೆರೆಸಿ, ಕೈಯಿಟ್ಟು ನೋಡಿ, "ಆಯ್ತು" ಎನ್ನಬೇಕು; ಆಮೇಲೆಯೇ ಮಕ್ಕಳಿಗೆ ಎರೆಯುವುದು. ಬಿದ್ದ ಮೇಲೆ ನನಗೆ ಉಳಿದಿದ್ದ ಯಜಮಾನಿಕೆ ಅದೊಂದೇ. ಆ ವರ್ಷ ಅದನ್ನು ಬಿಟ್ಟುಕೊಡಬೇಕಿತ್ತು — ಬಿಡಲಿಲ್ಲ. ಕೈಯಿಟ್ಟೆ. ಒದ್ದೆ ತಿಳಿಯಿತು. "ಆಯ್ತು" ಎಂದೆ.

ಶಾರದೆ ನನ್ನ ಮಾತು ನಂಬಿ, ತಂಬಿಗೆ ತುಂಬ ಮೊಗೆದು, ಆರು ವರ್ಷದ ನಮ್ಮ ಪದ್ಮಳ ಬೆನ್ನಿಗೆ ಸುರಿದಳು.

ಆ ಕೂಗು — ಇರಲಿ.

"ಮಗು ಬೆನ್ನು ಸುಲಿಯೋ ಹಾಗೆ ಸುರಿದ್ಯಲ್ಲೇ, ಹೆತ್ತವಳೇನೆ ನೀನು?" ಎಂದರು ತಾಯಿ.

"ಅವರೇ ನೋಡಿ ಹೇಳಿದ್ರಲ್ಲ ಅತ್ತೆ."

ಇಬ್ಬರೂ ನನ್ನನ್ನು ನೋಡಿದರು.

"ನಾನು ನೋಡಿದಾಗ ಹದವಾಗೇ ಇತ್ತು. ಆಮೇಲೆ ಇವಳೇ ಬಿಸಿನೀರು ಸೇರಿಸಿರ್ಬೇಕು."

ಶಾರದೆ ಇಲ್ಲವೆನ್ನಲಿಲ್ಲ. ಮಧ್ಯಾಹ್ನ ಊಟಕ್ಕೆ ಕುಳಿತಾಗ ನನ್ನ ಅಂಗೈಯಲ್ಲಿ ಬೊಬ್ಬೆಗಳೆದ್ದಿದ್ದವು. ನೋವಿಲ್ಲದ್ದರಿಂದ ನಾನು ಗಮನಿಸಿರಲಿಲ್ಲ. ಅವಳು ಗಮನಿಸಿದಳು. ಒಳಗೆ ಹೋಗಿ, ಒಂದು ಚಮಚ ತಂದು ನನ್ನ ಎಲೆಯ ಪಕ್ಕ ಇಟ್ಟಳು. ಎಲ್ಲ ತಿಳಿದೂ ಮುಂದಿನ ವರ್ಷಗಳಲ್ಲಿ ಅತ್ತೆಯ ಬಾಯಿಂದ "ಮಗೂನ ಬೇಯಿಸಿದೋಳು" ಎನಿಸಿಕೊಂಡಳು.

ಮೂರು ವರ್ಷಗಳ ನಂತರ, ಬೆರಳುಗಳ ಬಲವೂ ಕುಂದಿದಾಗ, ಬೇರೊಬ್ಬ ಡಾಕ್ಟರು ಬಿಸಿನೀರಿನ ಸಣ್ಣ ಗಾಜಿನ ನಳಿಕೆಯನ್ನು ನನ್ನ ಕೈಗೆ ತಾಗಿಸಿದರು. ಒಂದು ನಿಮಿಷದ ಕೆಲಸ. ಹಳೆಯ ಪೆಟ್ಟಿನ ಜಾಗದಲ್ಲಿ ಬೆನ್ನುಹುರಿಯೊಳಗೆ ನೀರು ತುಂಬಿದ ಪೊಳ್ಳು ಬೆಳೆದು ಮೇಲಕ್ಕೇರುತ್ತಿದೆ, ಅದು ಬಿಸಿಯ ಅರಿವನ್ನು ಮೊದಲು ಕೊಂದು ಸ್ಪರ್ಶವನ್ನು ಉಳಿಸುತ್ತದೆ ಎಂದರು. ಆ ವರದಿಯನ್ನೂ ಮನೆಯಲ್ಲಿ ಓದಿ ಹೇಳಲಿಲ್ಲ. ಹೇಳಿದ್ದರೆ ನನ್ನ ಸುಳ್ಳೂ —

ಹೋದ ವಾರ ಪದ್ಮಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವಳು ಕೇಳಿದ್ದು ಒಂದೇ: "ಅಜ್ಜಿಗೆ ಹೇಳಿದ್ರಾ ಅಪ್ಪ?"

ಹೇಳಿರಲಿಲ್ಲ. ತಾಯಿ ಸೊಸೆಯನ್ನು ದೂರುತ್ತಲೇ ತೀರಿಕೊಂಡಿದ್ದರು.

ನನ್ನ ಸುಳ್ಳು ನನ್ನದೇ. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. ಆದರೆ ಡಾಕ್ಟರೇ, ಮೂರು ಸಲವೂ ನಿಮ್ಮ ಮೇಜಿನ ಮೇಲೆ ಕಾಫಿ ಲೋಟ ಹಬೆಯಾಡುತ್ತಿತ್ತು. ಅದನ್ನೊಮ್ಮೆ ನನ್ನ ಕೈಗೆ ಕೊಟ್ಟು ನೋಡಲು ನಿಮಗೇನು ಅಡ್ಡಿಯಾಗಿತ್ತು?